ಅಷ್ಟೊಂದು ಶಿಲ್ಪ ಕಾಪಿ ಮಾಡಿದ ರೂಬೆನ್ಸ್ ಚಿತ್ರದಲ್ಲಿ ಮೈ ಯಾಕೆ ಕಲ್ಲಿನ ಥರ ಕಾಣಲ್ಲ?

ನಿಮ್ಮ ಪ್ರಶ್ನೆಗೆ ಫ್ಲಾಂಡರ್ಸ್‌ನ ಚಿತ್ರಕಾರ ರೂಬೆನ್ಸೇ ಉತ್ತರ ಬರೆದಿಟ್ಟಿದಾನೆ. ಶಿಲ್ಪಗಳನ್ನ ಅನುಕರಿಸೋ ಬಗ್ಗೆ ಲ್ಯಾಟಿನಲ್ಲಿ ಅವನದೊಂದು ಚಿಕ್ಕ ಬರಹ ಇದೆ, ಅವನು 1640ರಲ್ಲಿ ತೀರ್ಕೊಂಡ, ಅದು ಅಚ್ಚಾಗಿದ್ದು 1708ರಲ್ಲಿ. ಶಿಲ್ಪಗಳನ್ನ ಪೂರ್ತಿ ಅರಗಿಸ್ಕೊಳ್ಳಿ, ಆದ್ರೆ ಚಿತ್ರದಲ್ಲಿ ಕಲ್ಲಿನ ವಾಸನೆ ಬರಬಾರದು ಅನ್ನೋದು ಅದರ ಸಾರ. ಕಾರಣಾನೂ ಕೊಡ್ತಾನೆ, ನಂಗೆ ತುಂಬ ಇಷ್ಟ ಆಗೋದು ಅದೇ: ಕಲ್ಲಲ್ಲಿ ಬೆಳಕು ಒಳಗೆ ಇಳಿಯಲ್ಲ, ನೆರಳು ಕಪ್ಪಗೆ ಗಟ್ಟಿಯಾಗಿ ಬೀಳುತ್ತೆ, ಜೀವ ಇರೋ ಚರ್ಮ ಸ್ವಲ್ಪ ಪಾರದರ್ಶಕ, ಹಾಗಾಗಿ ಅದೇ ನೆರಳು ಮೆತ್ತಗಾಗುತ್ತೆ, ಜೊತೆಗೆ ಮೈ ಅಲ್ಲಾಡಿದ ಹಾಗೆಲ್ಲ ಚರ್ಮದ ಮಡಿಕೆ, ಕುಳಿ ಎಲ್ಲ ಬದಲಾಗ್ತಾ ಇರುತ್ತೆ.

1600ರಲ್ಲಿ ಇಟಲಿಗೆ ಹೋದವನು 1608ರವರೆಗೂ ಮಾಂಟುವಾ ದೊರೆ ಹತ್ರ ಕೆಲಸಕ್ಕಿದ್ದ, ರೋಮಲ್ಲಿ ಇದ್ದಾಗ ಶಿಲ್ಪಗಳನ್ನ ಬಿಡದೆ ಡ್ರಾ ಮಾಡ್ದ. ವ್ಯಾಟಿಕನ್ನಿನ ಲಾವೊಕೊಆನ್ ಶಿಲ್ಪ ಗೊತ್ತಲ್ಲ, ಹಾವು ಸುತ್ಕೊಂಡಿರೋ ಅಪ್ಪ ಮಕ್ಕಳು, ಅದನ್ನ ಒಂದೇ ಕಡೆಯಿಂದ ನೋಡಿ ಬಿಟ್ಟಿಲ್ಲ, ಹಿಂದೆ ಹೋಗಿ ಬೆನ್ನೂ ಬರೆದಿದಾನೆ, ಕಪ್ಪು ಚಾಕಲ್ಲಿ ಮಾಡಿರೋ ಆ ಶೇಡಿಂಗ್ ನೋಡಿದ್ರೆ ಮುಂದೆ ಇದ್ದಿದ್ದು ಅಮೃತಶಿಲೆ ಅಂತ ಅನ್ಸೋದೇ ಇಲ್ಲ.

ಅನಾಟಮಿ ಕಲಿತಿದ್ನಾ ಅಂತ್ಲೂ ಕೇಳಿದೀರ. ಹೌದು. ಚರ್ಮ ಸುಲಿದ ಮೈಗಳ ಅವನ ಪೆನ್ ಡ್ರಾಯಿಂಗ್‌ಗಳು 1987ರಲ್ಲಿ ಲಂಡನ್ನಲ್ಲಿ ಹರಾಜಿಗೆ ಬಂದ್ವು. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಮ್ಮಲ್ಲಿ ಇರೋದ್ರಲ್ಲಿ ಒಂದೇ ಎಡ ಮುಂಗೈನ ಎರಡು ಭಂಗೀಲಿ ಬರೆದಿದಾನೆ, ಕೈ ತಿರುಗಿದ್ರೆ ಸ್ನಾಯು ಹೇಗೆ ಹೊರಳುತ್ತೆ ಅಂತ ಅದ್ರಲ್ಲಿ ಸ್ಪಷ್ಟವಾಗಿ ಕಾಣುತ್ತೆ. ಒಳಗಿಂದು ಇಷ್ಟು ಗೊತ್ತಿದ್ದವನಿಗೆ ಶಿಲ್ಪ ಬರೀ ಹೊರರೇಖೆ ಆಗಿ ಉಳಿಯಲ್ಲ.

ಇದೆಲ್ಲ ಒಟ್ಟಿಗೆ ನೋಡ್ಬೇಕು ಅಂದ್ರೆ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಮ್ಯೂಸಿಯಮ್ಮಲ್ಲಿರೋ ಅವನ 'ಎಕ್ಕೆ ಹೋಮೋ' ಅನ್ನೋ ಯೇಸುವಿನ ಚಿತ್ರ ನೋಡಿ. ಕೈ ಹಿಂದಕ್ಕೆ ಕಟ್ಟಿಸ್ಕೊಂಡು ಎದೆ ಮುಂದಕ್ಕೆ ಬಂದಿರೋ ಆ ಯೇಸುವಿನ ಭಂಗಿ ಬಂದಿರೋದು ಈಗ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಲ್ಲಿರೋ ಒಂದು ಶಿಲ್ಪದಿಂದ, ಅರ್ಧ ಕುದುರೆ ಅರ್ಧ ಮನುಷ್ಯ, ಬೆನ್ನ ಮೇಲೆ ಪ್ರೇಮದೇವತೆ ಕ್ಯುಪಿಡ್ ಕೂತಿರ್ತಾನೆ. ಎರಡೂ ಫೋಟೋ ಪಕ್ಕಪಕ್ಕ ಇಟ್ಕೊಂಡು ಎದೆಯಿಂದ ಹೊಟ್ಟೆವರೆಗಿನ ನೆರಳನ್ನ ಮಾತ್ರ ಹೋಲಿಸಿ.