ಬಿಎಸ್ಸಿ ಆದ ಮೇಲೆ ಎಂಎಸ್ಸಿ ಬಾಟನಿಯೋ, ಬಯೋಟೆಕ್ನಾಲಜಿಯೋ?

ಬಾಟನಿ ಇಷ್ಟ, ಆದರೆ ಮನೆಯವರು ಬಯೋಟೆಕ್ನಾಲಜಿ ತಗೋ ಅನ್ನುತ್ತಿದ್ದಾರೆ ಎಂದು ಕೇಳಿದ್ದೀರಿ. ಗಿಡಗಳೇ ನಿಮ್ಮ ಆಸಕ್ತಿಯಾದರೆ ಬಾಟನಿಗೇ ಸೇರಿ. ಮೈಸೂರು, ಧಾರವಾಡ, ಬೆಂಗಳೂರು ವಿಶ್ವವಿದ್ಯಾಲಯಗಳಲ್ಲಿ ಈ ವಿಭಾಗಗಳು ಹಳೆಯವು. ಎರಡು ವರ್ಷದ ಕೋರ್ಸು. ಸಸ್ಯಗಳ ವರ್ಗೀಕರಣ, ಶರೀರಕ್ರಿಯೆ, ತಳಿವಿಜ್ಞಾನದ ಜೊತೆಗೆ ಮಾಲಿಕ್ಯುಲರ್ ಬಯಾಲಜಿಯೂ ಇರುತ್ತದೆ. ಹಾಗಾಗಿ ಲ್ಯಾಬ್ ಕೆಲಸದ ದಾರಿ ಮುಚ್ಚುವುದಿಲ್ಲ.

ಸೇರುವ ಮೊದಲು ಒಂದು ವಿಷಯ ಗೊತ್ತಿರಲಿ. ಸಂಶೋಧನಾ ಫೆಲೋಶಿಪ್‌ಗೂ ಕಾಲೇಜು ಅಧ್ಯಾಪಕರ ಅರ್ಹತೆಗೂ ಬರೆಯುವ ರಾಷ್ಟ್ರಮಟ್ಟದ ಪರೀಕ್ಷೆ ಸಿಎಸ್‌ಐಆರ್ ನೆಟ್‌ನಲ್ಲಿ ಬಾಟನಿಗೆ ಬೇರೆ ಪೇಪರ್ ಇಲ್ಲ, ಇರುವುದು ಲೈಫ್ ಸೈನ್ಸಸ್. ಪ್ರಾಣಿಶಾಸ್ತ್ರ, ಬಯೋಕೆಮಿಸ್ಟ್ರಿ, ಇಮ್ಯುನಾಲಜಿ ಎಲ್ಲವನ್ನೂ ಓದಬೇಕು. ಎಂಟೆಕ್, ಪಿಎಚ್‌ಡಿ ಪ್ರವೇಶಕ್ಕೆ ಬರೆಯುವ ಗೇಟ್ ಪರೀಕ್ಷೆಯ ಲೈಫ್ ಸೈನ್ಸಸ್ ಪೇಪರ್‌ನಲ್ಲಿ ಬಾಟನಿ ಆಯ್ಕೆ ಇದೆ, ಆದರೆ ಕೆಮಿಸ್ಟ್ರಿ ಕಡ್ಡಾಯ. ಅದಕ್ಕೇ ಕೆಮಿಸ್ಟ್ರಿ ಪುಸ್ತಕ ಈಗಲೇ ಅಟ್ಟಕ್ಕೆ ಹಾಕಬೇಡಿ! ನೆಟ್ ಮೂಲಕ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕರೆ ಪಿಎಚ್‌ಡಿಗೆ ತಿಂಗಳಿಗೆ 37,000 ರೂಪಾಯಿ (2023ರಿಂದ ಈ ದರ), ಜೊತೆಗೆ ಮನೆ ಬಾಡಿಗೆ ಭತ್ಯೆ. ಇಲ್ಲೇ ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಇದ್ದರೆ ಕೆ-ಸೆಟ್ (ರಾಜ್ಯಮಟ್ಟದ ಅಧ್ಯಾಪಕರ ಅರ್ಹತಾ ಪರೀಕ್ಷೆ) ಕೂಡ ಬರೆಯಿರಿ.

ನನ್ನ ಅಭಿಪ್ರಾಯ ಕೇಳಿದರೆ, ವರ್ಗೀಕರಣವನ್ನು ಚೆನ್ನಾಗಿ ಕಲಿಯಿರಿ. ಪಶ್ಚಿಮ ಘಟ್ಟ ನಮ್ಮ ಪಕ್ಕದಲ್ಲೇ ಇದೆ, ಈಗಲೂ ಅಲ್ಲಿ ಹೊಸ ಪ್ರಭೇದಗಳು ಸಿಗುತ್ತಿವೆ. ಆದರೆ ಹೂವಿನ ಭಾಗ ಬಿಡಿಸಿ ನೋಡಿ ಗಿಡ ಗುರುತಿಸುವವರು ಕಡಿಮೆಯಾಗುತ್ತಿದ್ದಾರೆ. ಇದು ಬೇಸರದ ಸಂಗತಿ ಅಲ್ವಾ? ಪರಿಸರ ಸಮೀಕ್ಷೆ, ಔಷಧಿ ಸಸ್ಯಗಳ ಕೆಲಸ, ಅರಣ್ಯ ಸಂಶೋಧನೆ ಎಲ್ಲದಕ್ಕೂ ಇಂಥವರು ಬೇಕು. ಸೀಟು ಖಚಿತ ಮಾಡುವ ಮುಂಚೆ ಆ ವಿಭಾಗದಲ್ಲಿ ಹರ್ಬೇರಿಯಂ (ಒಣಗಿಸಿಟ್ಟ ಗಿಡಗಳ ಸಂಗ್ರಹ) ಇದೆಯಾ, ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ಯುತ್ತಾರಾ ಎಂದು ಅಲ್ಲಿನ ಸೀನಿಯರ್‌ಗಳನ್ನು ಕೇಳಿ.