ಅಜ್ಜನ ತಾಳಮದ್ದಳೆ ಕ್ಯಾಸೆಟ್‌ಗಳನ್ನು ಹಾಕಲು ಎಷ್ಟು ಜಿಬಿಯ ಪ್ಲೇಯರ್ ತೆಗೆದುಕೊಳ್ಳಲಿ? ಫೋನೇ ಸಾಕಾ?

ಜಿಬಿ ಲೆಕ್ಕ ಆಮೇಲೆ ನೋಡೋಣ. "ಎಲ್ಲ ಪ್ಲೇಯರಿಗೆ ಹಾಕಿಯಾದ ಮೇಲೆ ಕ್ಯಾಸೆಟ್‌ಗಳನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ" ಅಂತ ಕೊನೆಗೆ ಬರೆದಿದ್ದೀರಲ್ಲ, ಆ ಸಾಲು ಓದಿ ಸುಮ್ನೆ ಕೂರಲು ಆಗಲಿಲ್ಲ. ಇದೇ ಕೆಲಸವನ್ನು ನಾನೂ ಮಾಡಿ ಮುಗಿಸಿದ್ದೇನೆ.

ನಮ್ಮದು ಕಾಸರಗೋಡು ಜಿಲ್ಲೆಯ ಪೆರ್ಲ ಕಡೆ. ಸೋದರಮಾವನಿಗೆ ತಾಳಮದ್ದಳೆ, ಅಂದರೆ ವೇಷ ಇಲ್ಲದೆ ಕೂತೇ ಹಾಡು-ಮಾತಿನಲ್ಲಿ ನಡೆಸುವ ಯಕ್ಷಗಾನ, ಅಂದರೆ ಪ್ರಾಣ. ಬದಿಯಡ್ಕ, ನೀರ್ಚಾಲು, ಕುಂಬಳೆ, ಮುಳ್ಳೇರಿಯ, ಎಲ್ಲಿ ಕೂಟ ಇದ್ದರೂ ಟೇಪ್‌ರೆಕಾರ್ಡರ್ ಹಿಡಿದು ಹೊರಡುವವರು. ಭಾಗವತರ ಎದುರಿಗೇ ಅದನ್ನು ಇಟ್ಟು, ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರೆ ಬೆಳಗಿನವರೆಗೆ ಏಳುವುದಿಲ್ಲ. ಒಂದು ಬದಿ ಮುಗಿದಾಗ ಕ್ಯಾಸೆಟ್ ತಿರುಗಿಸಿ ಹಾಕುವಷ್ಟರಲ್ಲಿ ಭಾಗವತರು ಹಾಡುವ ಪದದ ಒಂದು ಸಾಲು ಹೋಗಿರುತ್ತಿತ್ತು. ಆ ಸಾಲನ್ನು ಮನೆಗೆ ಬಂದು ತಾವೇ ಹಾಡಿ ತೋರಿಸುತ್ತಿದ್ದರು. ಹೀಗೆ ಒಂದು ಟ್ರಂಕ್ ತುಂಬಿತ್ತು. ಹೆಚ್ಚಿನವು 90 ನಿಮಿಷದವು.

2006ರ ಸುಮಾರಿಗೆ ಪಕ್ಕದ ಮನೆಯ ಇಬ್ರಾಯಿಚ್ಚ ಗಲ್ಫಿನಿಂದ ಬರುವಾಗ ನನಗೊಂದು ಎಂಪಿ3 ಪ್ಲೇಯರ್ ತಂದುಕೊಟ್ಟರು. 2001ರಲ್ಲೇ 5 ಜಿಬಿಯ ಐಪಾಡ್ ಬಂದಿತ್ತು ನಿಜ, ಆದರೆ ನಮ್ಮ ಪಾಲಿಗೆ ಅದು ಜಾಹೀರಾತಿನಲ್ಲಿ ನೋಡುವ ವಸ್ತು. ನನ್ನದು ಹೆಸರೂ ಇಲ್ಲದ 1 ಜಿಬಿಯ ಪ್ಲೇಯರ್. ಒಂದು ಪೆನ್ಸಿಲ್ ಸೆಲ್, ನೀಲಿ ಬೆಳಕಿನ ಸಣ್ಣ ಪರದೆ, ಎಫ್ಎಂ. ಅದಕ್ಕಿಂತ ಮುಖ್ಯ, ಲೈನ್-ಇನ್ ತೂತು. ಟೇಪ್‌ರೆಕಾರ್ಡರಿನ ಹೆಡ್‌ಫೋನ್ ತೂತಿನಿಂದ ಒಂದು ವೈರ್ ಎಳೆದು ಅದಕ್ಕೆ ಚುಚ್ಚಿದರೆ ಕ್ಯಾಸೆಟ್ ನೇರವಾಗಿ ಪ್ಲೇಯರಿನಲ್ಲೇ ರೆಕಾರ್ಡ್ ಆಗುತ್ತದೆ. ಕಂಪ್ಯೂಟರೇ ಬೇಡ!

ಇಲ್ಲಿಂದ ಮುಂದೆ ಸ್ವಲ್ಪ ನಿಧಾನವಾಗಿ ಓದಿ. ನಾನು ಕೆಟ್ಟದ್ದು ಇಲ್ಲಿ.

ರೆಕಾರ್ಡಿಂಗಿಗೆ ಮೂರು ಆಯ್ಕೆ ಇತ್ತು: ಹೈ, ನಾರ್ಮಲ್, ಲಾಂಗ್. 128 ಕೆಬಿಪಿಎಸ್ (ಸೆಕೆಂಡಿಗೆ 128 ಸಾವಿರ ಬಿಟ್) ಎಂಪಿ3 ಅಂದರೆ ನಿಮಿಷಕ್ಕೆ ಹೆಚ್ಚುಕಡಿಮೆ 1 ಎಂಬಿ. 90 ನಿಮಿಷದ ಕ್ಯಾಸೆಟ್ 86 ಎಂಬಿ ತಿನ್ನುತ್ತದೆ. 1 ಜಿಬಿಯಲ್ಲಿ ಹತ್ತು ಹನ್ನೊಂದು ಕ್ಯಾಸೆಟಿಗೆ ಜಾಗ ಮುಗಿಯಿತು. ಲಾಂಗ್ ಇಟ್ಟರೆ ಅದೇ ಕ್ಯಾಸೆಟ್ 22 ಎಂಬಿ ಒಳಗೆ. ಇಡೀ ಟ್ರಂಕ್ ಜೇಬಿಗೆ ಬರುತ್ತದೆ! ಲಾಂಗ್ ಅಂದರೆ ಜಾಸ್ತಿ ಹೊತ್ತು ರೆಕಾರ್ಡ್ ಮಾಡಬಹುದು ಅಂತ ಅಷ್ಟೇ ತಿಳಿದುಕೊಂಡೆ. ಎಲ್ಲಿಂದ ಕಡಿಮೆ ಮಾಡುತ್ತಾರೆ ಅಂತ ಯೋಚನೆಯೇ ಬರಲಿಲ್ಲ.

ಅದು ಕಡಿಮೆ ಮಾಡುವುದು ಹೀಗೆ. ಸಿಡಿಯಲ್ಲಿ ಒಂದು ಸೆಕೆಂಡಿನ ಧ್ವನಿಯನ್ನು 44,100 ಸಲ ಅಳೆದು ಬರೆದಿಡುತ್ತಾರೆ. ನನ್ನ ಪ್ಲೇಯರ್ ಲಾಂಗ್‌ನಲ್ಲಿ ಅಳೆಯುತ್ತಿದ್ದದ್ದು 8,000 ಸಲ. ಅಳೆದ ಸಂಖ್ಯೆಯ ಅರ್ಧದವರೆಗಿನ ಕಂಪನ ಮಾತ್ರ ಉಳಿಯುತ್ತದೆ ಅನ್ನುವುದು ನಿಯಮ. ಅಂದರೆ 4,000 ಹರ್ಟ್ಸ್‌ಗಿಂತ ಮೇಲಿನದ್ದೆಲ್ಲ ಕತ್ತರಿಸಿ ಹೋಯಿತು. ಮನುಷ್ಯರ ಮಾತಿಗೆ ಅಷ್ಟು ಸಾಕು, ಲ್ಯಾಂಡ್‌ಲೈನ್ ಫೋನ್ ಇನ್ನೂ ಕಡಿಮೆಯಲ್ಲಿ ನಡೆಯುತ್ತಿತ್ತು. ಆದರೆ ಚಕ್ರತಾಳ ಅನ್ನುವ ಲೋಹದ ತಾಳದ ಕಿಣಿಕಿಣಿಯ ಹೆಚ್ಚಿನ ಪಾಲು ಇರುವುದೇ ಆ ಮೇಲಿನ ಭಾಗದಲ್ಲಿ. ಚೆಂಡೆಗೆ ಕೋಲು ತಾಗುವ ಆ ಚುರುಕು ಪೆಟ್ಟೂ ಅಷ್ಟೇ.

ಪರೀಕ್ಷೆ ಮಾಡದೆ ಇರಲಿಲ್ಲ ನಾನು. ಮಾಡಿದೆ. ಕೇಳಿದ್ದು ಅರ್ಥದ ಭಾಗ, ಅಂದರೆ ಬರೀ ಮಾತು. ಅರ್ಥಧಾರಿಗಳ ಮಾತು, ವಾದ, ಜನರ ನಗು, ಎಲ್ಲ ಸ್ಪಷ್ಟ. ಪದದ ಭಾಗ ಹಾಕಿ ನೋಡಲಿಲ್ಲ. ಕೇಳಿದ್ದು ಕೂಡ ಪ್ಲೇಯರಿನ ಜೊತೆ ಬಿಟ್ಟಿ ಬಂದ ಇಯರ್‌ಫೋನಿನಲ್ಲಿ, ಅದೂ ರಾತ್ರಿ ಅಡಿಕೆ ಸುಲಿಯುವವರ ಪಟ್ಟಾಂಗದ ಮಧ್ಯೆ ಕೂತು. ಅದರಲ್ಲಿ ಚಕ್ರತಾಳ ಹೋದದ್ದು ಯಾರಿಗೆ ಗೊತ್ತಾಗುತ್ತದೆ?

ಇಡೀ ಮಳೆಗಾಲ ಕೂತು ರೆಕಾರ್ಡ್ ಮಾಡಿದೆ. 90 ನಿಮಿಷದ ಕ್ಯಾಸೆಟಿಗೆ 90 ನಿಮಿಷವೇ ಬೇಕು, ಬೇಗ ಓಡಿಸಲು ಆಗುವುದಿಲ್ಲ. ಕರೆಂಟ್ ಹೋದರೆ ಮತ್ತೆ ಮೊದಲಿಂದ. ಮುಗಿದ ಮೇಲೆ ಮನೆ ರಿಪೇರಿ ಬಂತು, ಅಟ್ಟ ಖಾಲಿ ಮಾಡಬೇಕಾಯಿತು. ಹೇಗೂ ಎಲ್ಲ ಇದರಲ್ಲಿ ಉಂಟಲ್ಲ ಅಂತ ಟ್ರಂಕ್ ಸಮೇತ ಗುಜರಿಗೆ ಕೊಟ್ಟೆ. ಮಾವನ ಹತ್ತಿರ ಕೇಳಲೂ ಇಲ್ಲ.

ಮಾವ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಮಲಗಿದ್ದಾಗ ಅದೇ ಪ್ಲೇಯರನ್ನು ದೊಡ್ಡ ಸ್ಪೀಕರಿಗೆ ಜೋಡಿಸಿ ಕೇಳಿಸಿದೆ. ಪದ ಶುರುವಾಗಿ ಚೆಂಡೆ ಬಿದ್ದ ಕೂಡಲೇ ಅವರು ತಲೆ ಎತ್ತಿದರು. "ಎಂತದಾ ಇದು? ಚೆಂಡೆಯನ್ನು ಗೋಣಿಯೊಳಗೆ ಹಾಕಿ ಬಡಿದ ಹಾಗೆ ಕೇಳ್ತದೆ. ಚಕ್ರತಾಳ ಎಲ್ಲಿ? ಇದು ಬೇಡ, ನೀನು ಕ್ಯಾಸೆಟೇ ಹಾಕು ಮಾರಾಯ."

ಎಲ್ಲಿಂದ ಹಾಕುವುದು?

ಆಮೇಲೆ ಆ ಫೈಲ್‌ಗಳನ್ನು ಕಂಪ್ಯೂಟರಿಗೆ ಹಾಕಿ 320 ಕೆಬಿಪಿಎಸ್‌ಗೆ ಬದಲಾಯಿಸಿ ನೋಡಿದೆ. ಫೈಲ್ ದಪ್ಪ ಆಯಿತು, ಧ್ವನಿ ಅದೇ. ಒಮ್ಮೆ ಕತ್ತರಿಸಿದ್ದು ಯಾವ ಸಾಫ್ಟ್‌ವೇರ್ ಹಾಕಿದರೂ ಬರುವುದಿಲ್ಲ. "ಧ್ವನಿ ಸುಧಾರಿಸಿ ಕೊಡುತ್ತೇವೆ" ಅನ್ನುವವರಿಗೆ ದುಡ್ಡು ಕೊಡಬೇಡಿ. ಅವರು ಜಾಸ್ತಿ ಅಂದರೆ ಕ್ಯಾಸೆಟಿನ ಸುಂಯ್ ಅನ್ನುವ ಸದ್ದು ತೆಗೆಯಬಹುದು.

ಈಗ ನಿಮ್ಮ ಪ್ರಶ್ನೆ. ಎಷ್ಟು ಜಿಬಿ ಅನ್ನುವುದಕ್ಕೆ ಇವತ್ತು ಅರ್ಥವೇ ಇಲ್ಲ. 32 ಜಿಬಿ ಕಾರ್ಡಿನಲ್ಲಿ 128 ಕೆಬಿಪಿಎಸ್‌ನ ಹಾಡು 500 ಗಂಟೆಗೂ ಜಾಸ್ತಿ ಹಿಡಿಯುತ್ತದೆ. ನಿಮ್ಮ ಅಜ್ಜ ಜೀವಮಾನವಿಡೀ ಕೂಟಕ್ಕೆ ಹೋಗಿದ್ದರೂ ಅಷ್ಟು ರೆಕಾರ್ಡ್ ಮಾಡಿರುವುದು ಅನುಮಾನ. ಪ್ಲೇಯರಿಗೆ ನೇರವಾಗಿ ರೆಕಾರ್ಡ್ ಮಾಡುವ ಯೋಚನೆ ಬಿಟ್ಟುಬಿಡಿ. ಮೊದಲು ಕಂಪ್ಯೂಟರಿಗೆ ಹಾಕಿ. ಆಡಾಸಿಟಿ ಅನ್ನುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. 44,100, 16 ಬಿಟ್ ಅಂತ ಇಟ್ಟು ವೇವ್ ಫೈಲ್ ಮಾಡಿ. 90 ನಿಮಿಷಕ್ಕೆ 950 ಎಂಬಿ ಹೋಗುತ್ತದೆ, ಹೋಗಲಿ. ಫ್ಲ್ಯಾಕ್ ಅನ್ನುವ ಬಗೆಯ ಫೈಲ್ ಮಾಡಿಟ್ಟರೆ ಏನೂ ಕಳೆದುಕೊಳ್ಳದೆ ಹೆಚ್ಚುಕಡಿಮೆ ಅರ್ಧ ಆಗುತ್ತದೆ. ಅದನ್ನು ಎರಡು ಬೇರೆ ಬೇರೆ ಹಾರ್ಡ್ ಡಿಸ್ಕಿನಲ್ಲಿ ಇಡಿ, ಒಂದು ಬೇರೆ ಮನೆಯಲ್ಲಿರಲಿ. ಪ್ಲೇಯರಿಗೆ ಹಾಕಲು ಅದರಿಂದ ಎಂಪಿ3 ಮಾಡಿಕೊಳ್ಳಿ. ಲ್ಯಾಪ್‌ಟಾಪಿನ ಮೈಕ್ ತೂತಿಗೆ ಮಾತ್ರ ಚುಚ್ಚಬೇಡಿ, ಧ್ವನಿ ಒಡೆಯುತ್ತದೆ. ಲೈನ್-ಇನ್ ಇರುವ ಸಣ್ಣ ಯುಎಸ್‌ಬಿ ಡಬ್ಬಿ ತೆಗೆದುಕೊಳ್ಳಿ.

ಫೋನೇ ಸಾಕಾ ಅಂದರೆ, ನಿಮಗೆ ಸಾಕಾಗಬಹುದು, ನನಗೆ ಸಾಲದು. ವಾಲಿ ಬೀಳುವ ಹೊತ್ತಿಗೆ ಸರಿಯಾಗಿ ಬ್ಯಾಂಕಿನವರ ಫೋನ್ ಬರುತ್ತದೆ. ತೋಟದಲ್ಲಿ ಮದ್ದು ಬಿಡುವಾಗ ಒದ್ದೆ ಕೈಯಲ್ಲಿ ಪರದೆ ಒತ್ತಲು ಆಗುವುದಿಲ್ಲ. ಗುಂಡಿ ಇರುವ ಪ್ಲೇಯರ್ ಆದರೆ ಜೇಬಿನ ಹೊರಗಿನಿಂದಲೇ ನಿಲ್ಲಿಸಬಹುದು. ದುಬಾರಿಯದ್ದು ಬೇಡ, ಕ್ಯಾಸೆಟಿನ ಧ್ವನಿಗೆ ಅದರಿಂದ ಏನೂ ಸಿಗುವುದಿಲ್ಲ. ಐಪಾಡ್ ಹುಡುಕಿಕೊಂಡು ಹೋಗಬೇಡಿ, 2022ರಲ್ಲೇ ಅದರ ತಯಾರಿ ನಿಂತಿದೆ. ಕಾರ್ಡ್ ಹಾಕುವ ಜಾಗ ಇರಲಿ, ಇಯರ್‌ಫೋನ್ ತೂತು ಇರಲಿ, ನಿಲ್ಲಿಸಿದಲ್ಲಿಂದಲೇ ಮತ್ತೆ ಶುರು ಆಗುತ್ತದಾ ಅಂತ ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಮೂರು ಗಂಟೆಯ ಪ್ರಸಂಗ ಪ್ರತಿಸಲ ಪೀಠಿಕೆಯಿಂದ ಶುರುವಾದರೆ ಯಾರಿಗೆ ತಾಳ್ಮೆ ಇರುತ್ತದೆ?

ಅಗ್ಗದ ಪ್ಲೇಯರ್‌ಗಳಿಗೆ ಇನ್ನೂ ಕೆಲವು ಕುಂದು ಉಂಟು. ಎಷ್ಟೋ ಪ್ಲೇಯರ್‌ಗಳಲ್ಲಿ ಕನ್ನಡ ಹೆಸರು ಬರೀ ಚೌಕ ಚೌಕವಾಗಿ ಕಾಣುತ್ತದೆ, ಹಾಗಾಗಿ ಫೈಲಿಗೆ ಇಂಗ್ಲಿಷ್ ಅಕ್ಷರದಲ್ಲೇ ಹೆಸರು ಕೊಡಿ. ಕೆಲವು ಹೆಸರಿನ ಕ್ರಮ ನೋಡುವುದೇ ಇಲ್ಲ, ಕಾಪಿ ಮಾಡಿದ ಕ್ರಮದಲ್ಲಿ ಹಾಡುತ್ತವೆ. ಒಂದಾದ ಮೇಲೆ ಒಂದು ಕಾಪಿ ಮಾಡಿದರೆ ಸರಿಯಾಗುತ್ತದೆ. 64 ಜಿಬಿ ಕಾರ್ಡ್ ಬರುವುದು ಎಕ್ಸ್‌ಫ್ಯಾಟ್ ಅನ್ನುವ ಫಾರ್ಮ್ಯಾಟಿನಲ್ಲಿ, ಹಳೆಯ ಪ್ಲೇಯರ್‌ಗಳಿಗೆ ಅದು ಓದಲು ಬರುವುದಿಲ್ಲ. 32ರಲ್ಲೇ ನಿಲ್ಲಿಸಿ.

ಕೇಳುವವರು ಅಜ್ಜನೇ ಆದರೆ ಪ್ಲೇಯರೂ ಬೇಡ. ಪೆನ್‌ಡ್ರೈವ್ ಹಾಕುವ, ದೊಡ್ಡ ಗುಂಡಿಯ ಸ್ಪೀಕರ್ ಕೊಡಿ. ವಯಸ್ಸಾದವರಿಗೆ ಕಿವಿಗೆ ವೈರ್ ಸಿಕ್ಕಿಸಿಕೊಳ್ಳುವುದು ಹಿಂಸೆ. ಅವರಿಗೆ ನಾಲ್ಕು ಜನರ ಜೊತೆ ಕೂತು ಕೇಳಬೇಕು, ನಡುವೆ ಮಾತಾಡಬೇಕು.

ಕೊನೆಗೆ ಕ್ಯಾಸೆಟ್ ವಿಷಯ. ಯಾರಿಗೂ ಕೊಡಬೇಡಿ. ಧ್ವನಿ ಇಳಿಸಿಕೊಂಡು, ಪದದ ಭಾಗವನ್ನು ಒಳ್ಳೆಯ ಸ್ಪೀಕರಿನಲ್ಲಿ ಅಜ್ಜನಿಗೆ ಕೇಳಿಸಿ, ಅವರು ಸರಿ ಅಂದ ಮೇಲೂ ಇಟ್ಟುಕೊಳ್ಳಿ. ನಮ್ಮ ಕಡೆಯ ಮಳೆಗೆ ಕೆಲವಕ್ಕೆ ಬೂಸ್ಟು ಹಿಡಿದಿರುತ್ತದೆ, ಟೇಪಿನ ಸುರುಳಿ ಮೇಲೆ ಬಿಳಿ ಪುಡಿ ಕಾಣುತ್ತದೆ. ಅವನ್ನು ಕೊನೆಗೆ ಹಾಕಿ. ಮೊದಲೇ ಹಾಕಿದರೆ ಆ ಪುಡಿ ಟೇಪ್‌ರೆಕಾರ್ಡರಿನಲ್ಲಿ ಟೇಪ್ ಓದುವ ಹೆಡ್ಡಿಗೆ ಮೆತ್ತಿ ಮುಂದಿನ ಕ್ಯಾಸೆಟ್‌ಗಳೂ ಮಂಕಾಗಿ ಕೇಳುತ್ತವೆ. ಪ್ರತಿ ಕ್ಯಾಸೆಟ್ ಆದ ಮೇಲೆ ಹತ್ತಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಹೆಡ್ ಒರೆಸಿ. ಮೆಡಿಕಲ್ ಶಾಪಿನಲ್ಲಿ ಕೇಳಿ ನೋಡಿ, ಸಿಗುತ್ತದೆ.