ಬೆಂಗಳೂರು–ಮಂಗಳೂರು ವಿಮಾನದಲ್ಲಿ ಘಟ್ಟ ಚೆನ್ನಾಗಿ ಕಾಣೋಕೆ ಯಾವ ಕಿಟಕಿ ಸೀಟು? ಮುಂದಿನ ಸಾಲಿಗೆ ಹೆಚ್ಚು ದುಡ್ಡು ಕೊಡಬಹುದಾ?

ಕೊಡಬೇಡಿ. ಮುಂದಿನ ಸಾಲಿನ ದುಡ್ಡು ಬೇಗ ಇಳಿಯೋದಕ್ಕೆ, ನೋಟಕ್ಕಲ್ಲ. ಎಡವೋ ಬಲವೋ ಅನ್ನೋದೂ ಆಮೇಲಿನ ಮಾತು. ಮೊದಲು ವಿಮಾನ ಯಾವುದು ಅಂತ ನೋಡಿ.

ಬುಕ್ ಮಾಡುವಾಗ ವಿವರದಲ್ಲಿ ಎಟಿಆರ್ 72 (ಪ್ರೊಪೆಲ್ಲರ್ ಇರುವ ಚಿಕ್ಕ ವಿಮಾನ) ಅಂತಿದ್ದರೆ, ಸಮಯ ಸ್ವಲ್ಪ ಅನನುಕೂಲವಾದರೂ ನಾನು ಅದನ್ನೇ ಹಿಡಿಯೋದು. ಅದರ ರೆಕ್ಕೆ ಕಿಟಕಿಗಿಂತ ಮೇಲಿದೆ, ನೆಲಕ್ಕೆ ಅಡ್ಡ ಬರೋದಿಲ್ಲ. ಜೆಟ್‌ಗಿಂತ ತಗ್ಗಿನಲ್ಲಿ, ನಿಧಾನವಾಗಿ ಹಾರುತ್ತದೆ. ಆದರೆ ಮುಂದಿನ ಅರ್ಧದಲ್ಲಿ ಕೂತರೆ ಎಂಜಿನ್ನು, ಪ್ರೊಪೆಲ್ಲರ್ರು ಕಣ್ಣೆದುರೇ ಇರುತ್ತವೆ, ಸದ್ದೂ ಜಾಸ್ತಿ. 14ರಿಂದ 17ನೇ ಸಾಲು ನೋಡಿ. ಎಟಿಆರ್‌ನಲ್ಲಿ ಹತ್ತೋದೂ ಇಳಿಯೋದೂ ಹಿಂಬಾಗಿಲಿನಿಂದಲೇ, ಹಾಗಾಗಿ ಬೇಗ ಇಳಿಯುವ ಲಾಭವೂ ಹಿಂದಿನವರಿಗೇ.

ಏರ್‌ಬಸ್ ಎ320 ಜೆಟ್ ಸಿಕ್ಕರೆ ಸುಮಾರು 9ರಿಂದ 19ರವರೆಗಿನ ಸಾಲು ಬಿಟ್ಟುಬಿಡಿ, ಅಲ್ಲಿ ಬರೀ ರೆಕ್ಕೆ. ರೆಕ್ಕೆಯ ಹಿಂದೆ ಕೂತರೆ ಎಂಜಿನ್ನಿನ ಬಿಸಿಗಾಳಿಯಲ್ಲಿ ದೃಶ್ಯ ನಡುಗುತ್ತದೆ, ಫೋಟೊ ಮಸುಕಾಗುತ್ತದೆ. 4ರಿಂದ 7 ವಾಸಿ.

ಎಲ್ಲರೂ ಎಡವೋದು ಇದಾದ ಮೇಲೆ. ಸೀಟ್ ಮ್ಯಾಪ್‌ನಲ್ಲಿ 'ಕಿಟಕಿ' ಅಂತ ತೋರಿಸೋದು ಗೋಡೆ ಪಕ್ಕದ ಸೀಟನ್ನು ಮಾತ್ರ. ಅಲ್ಲಿ ಗಾಜು ಇದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಎ320ರ ಕಿಟಕಿಗಳು ವಿಮಾನದ ಪಕ್ಕೆಲುಬುಗಳ ನಡುವೆ ಸುಮಾರು 53 ಸೆಂ.ಮೀ.ಗೊಂದರಂತೆ ಇರುತ್ತವೆ, ಅವನ್ನು ಅಲುಗಿಸೋಕಾಗಲ್ಲ. ಸೀಟುಗಳು ಹಳಿಯ ಮೇಲೆ ಕೂತಿರುತ್ತವೆ. ಕಂಪನಿಗೆ ಬೇಕಾದ ಹಾಗೆ ಹಿಂದೆ ಮುಂದೆ ಸರಿಸಬಹುದು. ಅಗ್ಗದ ವಿಮಾನಗಳಲ್ಲಿ ಸಾಲಿನಿಂದ ಸಾಲಿಗೆ 71ರಿಂದ 76 ಸೆಂ.ಮೀ. ಅಂತರ. ಲೆಕ್ಕ ಹಾಕಿ: 71ರ ಮೂರು ಸಾಲಿಗೆ ಹೆಚ್ಚುಕಡಿಮೆ ನಾಲ್ಕು ಕಿಟಕಿ. ಒಬ್ಬರಿಗೆ ಕಿಟಕಿ ಸರಿಯಾಗಿ ಕಣ್ಣೆದುರು ಬಂದರೆ, ಅವರ ಹಿಂದಿನವರಿಗೋ ಮುಂದಿನವರಿಗೋ ಎರಡು ಕಿಟಕಿಗಳ ನಡುವಿನ ಗೋಡೆ. ಭುಜದ ಹಿಂದೆ ಬಿದ್ದ ಕಿಟಕಿಯಂತೂ ಕತ್ತು ನೋವಿಗೆ ದಾರಿ. ಬೋಯಿಂಗ್ 737 ಜೆಟ್‌ನಲ್ಲಿ ಇನ್ನೂ ಒಂದು ಕಾಟ: ಎಡಬದಿಯಲ್ಲಿ 10–11ನೇ ಸಾಲಿನ ಆಸುಪಾಸು ಎಸಿ ಕೊಳವೆ ಗೋಡೆಯೊಳಗೆ ಮೇಲೇರುವ ಕಡೆ ಕಿಟಕಿಯೇ ಇರೋದಿಲ್ಲ. ಏರೋಲೋಪಾ ತಾಣದ ನಕ್ಷೆಗಳಲ್ಲಿ ಕಿಟಕಿಗಳನ್ನೂ ಅಳತೆಗೆ ಸರಿಯಾಗಿ ಬರೆದಿರುತ್ತಾರೆ. ನಿಮ್ಮ ವಿಮಾನ ಅಲ್ಲಿದ್ದರೆ ನೋಡಿಯೇ ಸೀಟು ಒತ್ತಿ. ಹತ್ತಿದ ಮೇಲೆ ಗೋಡೆ ಎದುರಾದರೆ, ಬಾಗಿಲು ಹಾಕಿದ ನಂತರ ಖಾಲಿ ಸೀಟಿಗೆ ಸರಿಯಬಹುದಾ ಅಂತ ಸಿಬ್ಬಂದಿಯನ್ನು ಕೇಳಿ.

ಇನ್ನು ಬದಿ. ದಾರಿ ಹೆಚ್ಚುಕಡಿಮೆ ನೇರ ಪಶ್ಚಿಮಕ್ಕೆ, ಹಾಗಾಗಿ ಎಡಗಡೆಯ 'ಎ' ದಕ್ಷಿಣ, ಬಲಗಡೆಯ 'ಎಫ್' ಉತ್ತರ. ಎಡಕ್ಕೆ ಗೊರೂರಿನ ಹೇಮಾವತಿ ಹಿನ್ನೀರು, ದೂರದಲ್ಲಿ ಕುಮಾರಪರ್ವತ, ಕೊನೆಗೆ ನೇತ್ರಾವತಿ. ಬಲಕ್ಕೆ ಮುಳ್ಳಯ್ಯನಗಿರಿ ಸಾಲು, ಆಮೇಲೆ 1,894 ಮೀಟರ್ ಎತ್ತರದ ಕುದುರೆಮುಖ. ನನ್ನ ಮತ 'ಎಫ್'ಗೆ, ಬಿಸಿಲಿನ ಕಾರಣಕ್ಕೆ: ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, 'ಎ' ಕಡೆಯವರಿಗೆ ಗಾಜಿನ ಗೀರುಗಳೆಲ್ಲ ಹೊಳೆದು ಬೆಟ್ಟ ಬೆಳ್ಳಗಾಗುತ್ತದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಮ್ಮಲ್ಲಿ ಮಧ್ಯಾಹ್ನದ ಸೂರ್ಯನೇ ಉತ್ತರಕ್ಕಿರುವುದರಿಂದ ಲೆಕ್ಕ ತಿರುಗುಮುರುಗು. ವಾಪಸ್ ಬರುವಾಗ ಅಕ್ಷರ ಅದಲುಬದಲು ಮಾಡಿಕೊಳ್ಳಿ. ಘಟ್ಟ ಸಿಗೋದು ಇಳಿಯಲು ಹದಿನೈದು–ಇಪ್ಪತ್ತು ನಿಮಿಷ ಇರುವಾಗ, ಆ ಹೊತ್ತಿಗೆ ಮೊಬೈಲ್ ಕೈಯಲ್ಲಿರಲಿ. ಅದನ್ನು ಗಾಜಿಗೆ ತಾಗಿಸಬೇಡಿ, ಕಂಪನಕ್ಕೆ ಚಿತ್ರ ಹಾಳಾಗುತ್ತದೆ.

ಮಳೆ ಬಿಟ್ಟ ಮೇಲಿನ ಅಕ್ಟೋಬರ್ ಕೊನೆ, ನವೆಂಬರ್ ಇದಕ್ಕೆ ಹೇಳಿ ಮಾಡಿಸಿದ ಕಾಲ. ಜುಲೈನಲ್ಲಿ ಹೋಗ್ತೀರಾದರೆ ಯಾವ ಸೀಟೂ ಬೇಡ, ಮೋಡ ಬಿಟ್ಟು ಇನ್ನೇನೂ ಕಾಣಲ್ಲ. ಹಗಲಿನ ರೈಲು ಹತ್ತಿ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ 57 ಸುರಂಗಗಳ ಘಾಟಿ ಮಳೆಯಲ್ಲೇ ಚೆಂದ.